ಮಧ್ಯಾಹ್ನ ಮೂರಕ್ಕೂ ನಿದ್ದೆ ಮಾಡುವ ಪೈಲಟ್ ಮಗ

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಕಾರ್ಗೋ ವಿಮಾನದ ಪೈಲಟ್. ಜರ್ಮನಿಗೆ ಹೋದರೆ ಒಂದೂವರೆ ದಿನ ಹೋಟೆಲಿನಲ್ಲೇ ಇರುತ್ತಾನೆ. ನಾನು ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದರೂ ನಿದ್ದೆ. ಅಮೆರಿಕದೊಳಗೆ ಹಾರುವಾಗ ಮಾತ್ರ ‘ಎರಡೇ ಗಂಟೆ ಮಲಗಿದೆ ಅಮ್ಮ’ ಅನ್ನುತ್ತಾನೆ. ಇದೆಂಥ ಲೆಕ್ಕ ಸರ್?
– ಓದುಗರೊಬ್ಬರು, ಮಂಡ್ಯ

ಉತ್ತರ (ನಿವೃತ್ತ ಕಾರ್ಗೋ ಪೈಲಟ್, ಮೈಸೂರು): ಮೊದಲು ಗಡಿಯಾರ ನೋಡೋಣ. ಮಂಡ್ಯದಲ್ಲಿ ಮೂರು ಅಂದರೆ ಜರ್ಮನಿಯಲ್ಲಿ ಬೆಳಿಗ್ಗೆ ಹತ್ತೂವರೆಯೋ ಹನ್ನೊಂದೂವರೆಯೋ. ರಾತ್ರಿಯೆಲ್ಲ ಅಟ್ಲಾಂಟಿಕ್ ದಾಟಿ ಬಂದವನು ಆಗಷ್ಟೇ ಮಲಗಿರುತ್ತಾನೆ. ಅಮೆರಿಕದ ಪೂರ್ವ ತೀರದಿಂದ ಹೊರಟಿದ್ದರೆ ಅವನ ಮೈಗೆ ಅದಿನ್ನೂ ಬೆಳಗಿನ ಜಾವ.

ಹೋಟೆಲಿನಲ್ಲಿ ಇರುವುದು ರಜೆ ಅಲ್ಲ, ಲೇಓವರ್. ಮುಂದಿನ ಹಾರಾಟಕ್ಕೆ ನಿದ್ದೆ ಕೂಡಿಸಿಕೊಳ್ಳುವ ಹೊತ್ತು. ನಮ್ಮ ದೇಶದ ನಿಯಮದಲ್ಲೂ ಏಳಕ್ಕಿಂತ ಜಾಸ್ತಿ ಟೈಮ್ ಝೋನ್ ದಾಟಿದರೆ 36 ಗಂಟೆ ಬಿಡುವು ಕೊಡಬೇಕು. ಒಂದು ಗಂಟೆಯ ವ್ಯತ್ಯಾಸಕ್ಕೆ ಮೈ ಒಗ್ಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಒಗ್ಗುವಷ್ಟರಲ್ಲಿ ಅವನು ವಾಪಸ್ ಹೊರಟಿರುತ್ತಾನೆ.

ಇನ್ನು ಆ ಎರಡು ಗಂಟೆ. ಕಾರ್ಗೋ ವಿಮಾನಗಳು ನಡುರಾತ್ರಿ ಹೊತ್ತಿಗೆ ಮೆಂಫಿಸ್, ಲೂಯಿವಿಲ್‌ನಂಥ ಹಬ್‌ಗಳಿಗೆ, ಅಂದರೆ ಪಾರ್ಸೆಲ್‌ಗಳೆಲ್ಲ ಕೂಡುವ ದೊಡ್ಡ ನಿಲ್ದಾಣಗಳಿಗೆ, ಬಂದು ಸೇರುತ್ತವೆ. ಪಾರ್ಸೆಲ್‌ಗಳನ್ನು ಬೇರ್ಪಡಿಸಿ ತುಂಬುವವರೆಗೆ ಪೈಲಟ್‌ಗಳು ಅಲ್ಲೇ ಮಲಗುವ ಕೋಣೆಯಲ್ಲಿ ಕಣ್ಣು ಮುಚ್ಚುತ್ತಾರೆ. ಬೆಳಗಿನ ಜಾವ ಮತ್ತೆ ಹಾರಾಟ. ರಾತ್ರಿ ಎರಡರಿಂದ ಆರರ ನಡುವೆ ಮೈ ತೀರಾ ಮಂಕಾಗಿರುತ್ತೆ. ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಟ್ರ್ಯಾಕ್ಟರ್ ಓಡಿಸುವ ನಿಮ್ಮೂರಿನವರನ್ನು ಕೇಳಿ, ಹೇಳುತ್ತಾರೆ.

ಅಮೆರಿಕದಲ್ಲಿ 2014ರಲ್ಲಿ ಹೊಸ ವಿಶ್ರಾಂತಿ ನಿಯಮ ಜಾರಿಗೆ ಬಂತು. ಡ್ಯೂಟಿಗೆ ಮೊದಲು 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಮಲಗಲು ಅವಕಾಶ. ಆದರೆ ಕಾರ್ಗೋ ಕಂಪನಿಗಳಿಗೆ ಅದನ್ನು ಕಡ್ಡಾಯ ಮಾಡಲಿಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ. ಹಿಂದೆ ಜನ ಕೂತಿದ್ದರೂ ಪೆಟ್ಟಿಗೆ ಇದ್ದರೂ ಪೈಲಟ್‌ಗೆ ಬರುವ ನಿದ್ದೆ ಒಂದೇ ಅಲ್ವಾ?

ಹೆದರಿಸಲು ಹೇಳುತ್ತಿಲ್ಲ. 2013ರ ಆಗಸ್ಟ್ 14ರ ನಸುಕಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯ ಕಾರ್ಗೋ ವಿಮಾನವೊಂದು ಇಳಿಯುವ ಮೊದಲೇ ನೆಲಕ್ಕೆ ಬಡಿದು ಇಬ್ಬರು ಪೈಲಟ್‌ಗಳೂ ತೀರಿಕೊಂಡರು. ಆ ಹಾರಾಟದ ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿ ಅವರು ಆಗಿನ್ನೂ ಜಾರಿಗೆ ಬರಲಿದ್ದ ಇದೇ ಎರಡು ಬಗೆಯ ನಿಯಮದ ಬಗ್ಗೆ ಬೇಸರದಿಂದ ಮಾತಾಡಿದ್ದಾರೆ. ತನಿಖೆಯಲ್ಲಿ ಇನ್ನೊಂದು ಮಾತೂ ಬಂತು: ಸಹ ಪೈಲಟ್ ತಮಗೆ ಸಿಕ್ಕಿದ್ದ ಬಿಡುವಿನಲ್ಲಿ ಸಾಕಷ್ಟು ಮಲಗಿರಲಿಲ್ಲ. ಬಿಡುವು ಕೊಡುವುದು ಕಂಪನಿ, ಮಲಗಬೇಕಾದವರು ನಾವೇ.

ಹಗಲು ನಿದ್ದೆ ಸುಮ್ನೆ ಬರುವುದಿಲ್ಲ. ಹೋಟೆಲಿನ ಪರದೆ ಸಂದಿಯಿಂದ ಒಂದು ಗೆರೆ ಬಿಸಿಲು ನೇರ ಕಣ್ಣಿಗೇ ಬೀಳುತ್ತೆ. ಪ್ಯಾಂಟ್ ತೂಗುಹಾಕುವ ಹ್ಯಾಂಗರ್ ಇರುತ್ತಲ್ಲ, ಅದರ ಕ್ಲಿಪ್ಪಿನಿಂದ ಪರದೆ ಸೇರಿಸಿ ಕಚ್ಚಿಸಿಬಿಡುತ್ತಿದ್ದೆ. ಆಮೇಲೆ ಕಾರಿಡಾರಿನಲ್ಲಿ ಕಸ ಗುಡಿಸುವ ಮೆಷಿನ್ ಶುರು! ಅದು ನಿಂತರೆ ಮನೆಯಿಂದ ಫೋನ್.

ಹಾಗಾಗಿ ನೀವು ಫೋನ್ ಮಾಡಬೇಡಿ, ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕಿ. ಎದ್ದ ಮೇಲೆ ಅವನೇ ಮಾಡಲಿ. ಊರಿಗೆ ಬಂದಾಗ ಮೊದಲೆರಡು ದಿನ ನೆಂಟರನ್ನು ಕರೆಯಬೇಡಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ. ಮುದ್ದೆ, ಬಸ್ಸಾರು ಎದ್ದ ಮೇಲೆ ಬಡಿಸಿದರಾಯಿತು, ಅದು ನಡುರಾತ್ರಿ ಎರಡಕ್ಕಾದರೂ ಸರಿ.