ನಿಮ್ಮ ಲೇಖನ ಶುರುವಾಗೋದು ಆರನೇ ಪುಟದಲ್ಲಿ

ನಮಸ್ಕಾರ,

ನಿಮ್ಮ 'ಯುದ್ಧಕ್ಕೆ ಬಣ್ಣ ಬಂದಾಗ' ಎರಡು ಸಲ ಓದ್ದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮಿಲಿಟರಿ ಕ್ಯಾಮೆರಾದವರು ಹೊರದೇಶಗಳಲ್ಲಿ ಕಲರಲ್ಲಿ ತೆಗೆದ ರೀಲುಗಳ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬರೀಲಿ ಅಂತ ನಂಗೂ ಆಸೆ ಇತ್ತು, ಅದಕ್ಕೇ ಸುಮ್ನೆ ವಾಪಸ್ ಕಳ್ಸೋಕೆ ಮನಸ್ಸು ಬರ್ಲಿಲ್ಲ. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ಬೇಜಾರ್ ಮಾಡ್ಕೋಬೇಡಿ, ಬಿಡಿಸಿ ಹೇಳ್ತೀನಿ.

ಮೊದಲ ಐದು ಪುಟ ಬರೀ ಪೀಠಿಕೆ. ಬಣ್ಣ ಅಂದ್ರೆ ಬದುಕು, ಕಪ್ಪು ಬಿಳುಪು ಅಂದ್ರೆ ನೆನಪು, ಹೀಗೇ ಹೋಗ್ತಾ ಇದೆ. 'ರಕ್ತವರ್ಣ' ಅನ್ನೋ ಪದ 11 ಸಲ ಬಂದಿದೆ, ಎಣಿಸ್ದೆ. ಆದ್ರೆ ಒಂದು ರೀಲು ಎಷ್ಟು ಹೊತ್ತು ಓಡುತ್ತೆ ಅಂತ ಒಂದು ಕಡೆನೂ ಇಲ್ವಲ್ಲ! 16 ಎಂಎಂ ಕೊಡಾಕ್ರೋಮ್ (ಕೊಡಕ್ ಕಂಪನಿಯ ಕಲರ್ ಫಿಲ್ಮು) 100 ಅಡಿ ರೀಲು 24 ಫ್ರೇಮ್ ಸ್ಪೀಡಲ್ಲಿ ಮೂರು ನಿಮಿಷಾನೂ ಬರಲ್ಲ. ಕ್ಯಾಮೆರಾಗೆ ಗೋಡೆ ಗಡಿಯಾರದ ಥರ ಕೀ ಕೊಡ್ಬೇಕು, ಒಂದ್ಸಲ ಕೊಟ್ರೆ ಹೆಚ್ಚು ಕಮ್ಮಿ ಅರ್ಧ ನಿಮಿಷ, ಆಮೇಲೆ ಮತ್ತೆ ತಿರುಗಿಸ್ಬೇಕು, ಅಷ್ಟರಲ್ಲಿ ಮುಂದೆ ಏನಾಯ್ತೋ ಆಯ್ತು. ಒಳ್ಳೆ ಬಿಸಿಲಿಲ್ದೆ ಈ ಫಿಲ್ಮಲ್ಲಿ ಏನೂ ಮೂಡಲ್ಲ. ನೆಗೆಟಿವ್ ಅಂತ ಬೇರೆ ಇರಲ್ಲ, ಕ್ಯಾಮೆರಾದೊಳಗೆ ಓಡಿದ ಪಟ್ಟೀನೇ ತೊಳೆದ್ಮೇಲೆ ಚಿತ್ರ ಆಗೋದು. ತೊಳೆಯೋಕೂ ಟೆಂಟಲ್ಲಿ ಆಗ್ತಿರ್ಲಿಲ್ಲ, ದೂರದ ಕೊಡಕ್ ಲ್ಯಾಬಿಗೆ ಹೋಗ್ಬೇಕಿತ್ತು. ಅಂದ್ರೆ ತೆಗೆದವನಿಗೆ ತಾನು ತೆಗೆದದ್ದು ಬಂತೋ ಇಲ್ವೋ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಅಮೆರಿಕದ ಮಿಲಿಟರಿ ಕ್ಯಾಮೆರಾದವನು ಬಿಲ್ ಜೆನೌಸ್ಟ್ 1945ರ ಫೆಬ್ರವರಿ 23ರಂದು ಜಪಾನಿನ ಐವೊ ಜಿಮಾ ದ್ವೀಪದಲ್ಲಿ ಅಮೆರಿಕದ ಬಾವುಟ ಏರಿಸೋದನ್ನ ಕಲರಲ್ಲಿ ಹಿಡಿದ, ಪಕ್ಕದಲ್ಲೇ ನಿಂತು ಪತ್ರಿಕಾ ಫೋಟೋಗ್ರಾಫರ್ ಜೋ ರೋಸೆಂತಾಲ್ ಆ ಹೆಸರಾಂತ ಫೋಟೋ ತೆಗೆದ, ಸುಮಾರು ಒಂಬತ್ತು ದಿನಕ್ಕೆ ಜೆನೌಸ್ಟ್ ಒಂದು ಗುಹೆಯಲ್ಲಿ ಸತ್ತ, ದೇಹಾನೂ ಸಿಗ್ಲಿಲ್ಲ. ಆ ಫೋಟೋ ಬೇಕಂತಲೇ ನಿಲ್ಲಿಸಿ ತೆಗೆದದ್ದು ಅಂತ ಆಮೇಲೆ ಗುಲ್ಲೆದ್ದಾಗ ಅಲ್ಲ ಅಂತ ಸಾಕ್ಷಿ ಹೇಳಿದ್ದು ಈ ರೀಲೇ. ನೀವು ಇದನ್ನ 'ಅಮರ ದೃಶ್ಯ' ಅಂತ ಎರಡೇ ಪದದಲ್ಲಿ ಮುಗಿಸಿಬಿಟ್ಟಿದ್ದೀರ.

ಈಗ ತಪ್ಪುಗಳು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಮೇಲೆ ಜಪಾನ್ ದಾಳಿ ಮಾಡ್ದಾಗ ತೆಗೆದ ರೀಲಲ್ಲಿ 'ವಿಮಾನಗಳ ಆರ್ಭಟ, ಸೈನಿಕರ ಚೀತ್ಕಾರ ಇಂದಿಗೂ ಕೇಳಿಸುತ್ತದೆ' ಅಂತ ಬರ್ದಿದ್ದೀರ. ಆ ರೀಲುಗಳಿಗೆ ಸೌಂಡೇ ಇಲ್ಲ ಸ್ವಾಮಿ. ನೀವು ಕೇಳಿದ್ದೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಹಾಕಿದ ಒಗ್ಗರಣೆ. ಇನ್ನೊಂದು, ಮೊದಲನೇ ಮಹಾಯುದ್ಧದ ಕಂದಕದ ಕ್ಲಿಪ್ಪು. ಅದು ಕಪ್ಪು ಬಿಳುಪು ಫಿಲ್ಮಿಗೆ ಮೊನ್ನೆ ಮೊನ್ನೆ ಕಂಪ್ಯೂಟರಲ್ಲಿ ಬಣ್ಣ ಬಳಿದದ್ದು, ಕೊಡಾಕ್ರೋಮ್ ಬಂದಿದ್ದೇ 1935ರಲ್ಲಿ. ಬಣ್ಣ ಬಳಿದದ್ದಕ್ಕೂ ಬಣ್ಣದಲ್ಲೇ ತೆಗೆದದ್ದಕ್ಕೂ ವ್ಯತ್ಯಾಸ ಗೊತ್ತಿಲ್ದೋರು ಈ ವಿಷಯ ಬರೆದ್ರೆ ಓದುಗರು ಬಿಡಲ್ಲ, ನಮ್ಮನ್ನೂ ಸೇರಿಸಿ ಬೈತಾರೆ.

ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಭಾಗ ಪೂರ್ತಿ ತೆಗೀರಿ. ಸರ್ಕಾರಕ್ಕೆ ಅಂತ 35 ಎಂಎಂ ಕಪ್ಪು ಬಿಳುಪು, ತನಗೆ ಅಂತ 16 ಎಂಎಂ ಕಲರ್, ನಾಜಿಗಳ ಡಾಖೌ ಕ್ಯಾಂಪನ್ನೂ ಕಲರಲ್ಲಿ ತೆಗೆದು ಯುದ್ಧ ಮುಗಿದ್ಮೇಲೆ ಡಬ್ಬಿಗಳನ್ನ ಮೂಲೆಗೆ ಸೇರಿಸಿಟ್ಟ ಮನುಷ್ಯ, ಅವನಿಗೆ ಬೇರೇನೇ ಲೇಖನ ಬೇಕು.

ಸರಿ, ಆರನೇ ಪುಟಕ್ಕೆ ಬನ್ನಿ. ಅಲ್ಲಿ ಕೆಳಗಡೆ ನೀವೇ, ಏನೋ ಮರ್ತಿದ್ದು ನೆನಪಾದ ಹಾಗೆ, 'ಫೋರ್ಡ್ ತಂಡ ಟಾರ್ಪಿಡೊ ಸ್ಕ್ವಾಡ್ರನ್ 8ರ ಹುಡುಗರನ್ನೂ ಚಿತ್ರೀಕರಿಸಿತ್ತು, ಅವರಲ್ಲಿ ಬಹುತೇಕರು ಬದುಕಲಿಲ್ಲ' ಅಂತ ಒಂದು ಸಾಲು ಹಾಕಿ ಮುಂದಕ್ಕೆ ಹೋಗ್ಬಿಟ್ರಿ. ಅಯ್ಯೋ, ಲೇಖನ ಇದೇ ಅಲ್ವಾ! ಇವರು ಹಾರ್ನೆಟ್ ಅನ್ನೋ ವಿಮಾನವಾಹಕ ಹಡಗಿನ ಹುಡುಗರು, ಶತ್ರು ಹಡಗುಗಳ ಮೇಲೆ ಟಾರ್ಪಿಡೊ ಬಿಡೋ ವಿಮಾನದಳದವರು. ಜೋಡಿ ಜೋಡಿಯಾಗಿ ತಮ್ಮ ವಿಮಾನದ ಪಕ್ಕ ನಿಂತು ಕ್ಯಾಮೆರಾ ನೋಡಿ ನಗ್ತಾರೆ, ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು, ಜಾತ್ರೇಲಿ ಫೋಟೋಗೆ ನಿಂತ ಹಾಗೆ. 1942ರ ಜೂನ್ 4ಕ್ಕೆ ಆ ಹಡಗಿಂದ 15 ವಿಮಾನ, 30 ಜನ ಹೋದ್ರು. 15 ವಿಮಾನಾನೂ ಬಿತ್ತು. ಉಳಿದವನು ಜಾರ್ಜ್ ಗೇ ಒಬ್ಬನೇ. ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ ಆಗ ಮಿಡ್‌ವೇ ದ್ವೀಪದ ಪವರ್ ಹೌಸ್ ಮೇಲೆ ನಿಂತು ಬಾಂಬ್ ಬೀಳೋದನ್ನ ತೆಗೀತಾ ತೋಳಿಗೆ ಚೂರು ತಗುಲಿಸ್ಕೊಂಡಿದ್ದ, ಆ ಏಟಿಗೆ ಫ್ರೇಮೇ ಎಗರಿಹೋಗೋದನ್ನ ಈಗಲೂ ನೋಡ್ಬಹುದು. ಆ ದಾಳಿಯ ಸಿನಿಮಾ ಥಿಯೇಟರಿಗೆ ಹೋಯ್ತು, ಆಸ್ಕರೂ ಬಂತು. ಆದ್ರೆ ಈ ಹುಡುಗರ ರೀಲನ್ನ ಅವನು ಎಂಟೇ ನಿಮಿಷಕ್ಕೆ ಕಟ್ ಮಾಡಿ ಅವರವರ ಮನೆಗೆ ಕಳಿಸ್ದ. ಆ ಮನೆಯವರು ಪರದೆ ಕಟ್ಟಿ, ಲೈಟ್ ಆರಿಸಿ, ಮಗ ಬಣ್ಣದಲ್ಲಿ ನಗೋದನ್ನ ನೋಡಿರ್ತಾರಲ್ಲ, ಅಲ್ಲಿಂದ ಶುರು ಮಾಡಿ. ಬಣ್ಣ ಅಂದ್ರೆ ಏನು ಅಂತ ನೀವು ಬೇರೆ ಹೇಳ್ಬೇಕಾಗಿಲ್ಲ.

ನಾಗಸಾಕಿ ಭಾಗ ಇರ್ಲಿ, ಆದ್ರೆ 'ಹೃದಯವಿದ್ರಾವಕ', 'ಮನುಕುಲದ ಕಳಂಕ' ಎಲ್ಲಾ ಹೊಡೆದುಹಾಕಿ, ಊಟಕ್ಕಿಲ್ಲದ ಉಪ್ಪಿನಕಾಯಿ ಅದು. ಸುಮಿತೆರು ತಾನಿಗುಚಿ 16ರ ಹುಡುಗ, ಸೈಕಲ್ಲಲ್ಲಿ ಟಪಾಲು ಹಂಚ್ತಿದ್ದಾಗ ಬೆನ್ನು ಪೂರ್ತಿ ಸುಟ್ಟುಹೋಯ್ತು, 1946ರ ಜನವರಿಯಲ್ಲಿ ಅಮೆರಿಕದ ಮಿಲಿಟರಿ ಕ್ಯಾಮೆರಾದವನು ಡೇನಿಯಲ್ ಮೆಕ್‌ಗವರ್ನ್ ತಂಡ ಆಸ್ಪತ್ರೇಲಿ ಶೂಟ್ ಮಾಡ್ದಾಗಲೂ ಬೋರಲು ಮಲಗೇ ಇದ್ದ. ಇಷ್ಟೇ ಬರೀರಿ. ಆ ರೀಲುಗಳು ದಶಕಗಳ ಕಾಲ ಗುಟ್ಟಾಗಿದ್ವು, 1980ರ ದಶಕದ ಶುರುವಲ್ಲಿ ಜಪಾನಿನ ಜನ ಒಬ್ಬೊಬ್ಬರು 10 ಅಡಿ ಫಿಲ್ಮಿನ ದುಡ್ಡು ಹಾಕಿ ಅಮೆರಿಕದಿಂದ ಕಾಪಿ ತರಿಸ್ಕೊಂಡ್ರು. 10 ಅಡಿ ಅಂದ್ರೆ ಪರದೆ ಮೇಲೆ ಸುಮಾರು 17 ಸೆಕೆಂಡು. ಈ ಲೆಕ್ಕ ನಿಮ್ಮ ಲೇಖನದಲ್ಲಿ ಇರ್ಲೇಬೇಕು.

1200 ಪದದೊಳಗೆ ಇರ್ಲಿ, ಇಪ್ಪತ್ತು ದಿನ ಟೈಮ್ ತಗೊಳ್ಳಿ. ಕೊನೇ ಪ್ಯಾರಾದಲ್ಲಿ 'ಯುದ್ಧ ಬೇಡ' ಅಂತ ನೀವು ಬರೆದ್ರೆ ನಾನು ತೆಗೀತೀನಿ, ಅದಕ್ಕೆ ಮೊದ್ಲೇ ಬರೀಬೇಡಿ. ಆಮೇಲೆ ಯೂನಿಕೋಡಲ್ಲೇ ಕಳ್ಸಿ, ಈ ಸಲ ಹಳೇ ಫಾಂಟಲ್ಲಿ ಬಂದು ಒತ್ತಕ್ಷರ ಎಲ್ಲಾ ಎಗರಿಹೋಗಿತ್ತು, 'ಸ್ಕ್ವಾಡ್ರನ್' ಅಂತ ಓದೋಕೆ ನಂಗೆ ಐದು ನಿಮಿಷ ಹಿಡೀತು.