ನಮ್ಮ ಬೀದಿಯ ಪಾದಚಾರಿ ಮಾರ್ಗ ಕುಸಿದಿದೆ. ಬೆಂಗಳೂರಿನಲ್ಲಿ ಯಾರನ್ನು ಕೇಳಬೇಕು?

ವಾರ್ಡಿನ ಒಳಗಿನ ಅಡ್ಡರಸ್ತೆಯಾದರೆ, ಅದರ ಚಪ್ಪಡಿಯೂ ಮಳೆನೀರಿನ ಚರಂಡಿಯೂ ಪಾಲಿಕೆಯ ವಾರ್ಡ್ ಎಂಜಿನಿಯರ್ ಹೊಣೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ನಿಜವಾದ ಗೋಜಲು ಇರುವುದು ನೆಲದಡಿಯಲ್ಲಿ. ಕುಡಿಯುವ ನೀರಿನ ಕೊಳವೆ, ಒಳಚರಂಡಿ ಜಲಮಂಡಳಿಯವು. ವಿದ್ಯುತ್ ಕೇಬಲ್ ಬೆಸ್ಕಾಂನದು. ರಸ್ತೆ ಒಂದೇ, ಯಜಮಾನರು ಹಲವರು. ಡಾಂಬರು ಆರುವ ಮುನ್ನವೇ ಮತ್ತೆ ಗುದ್ದಲಿ ಬೀಳುವುದಕ್ಕೆ ಇದೇ ಮುಖ್ಯ ಕಾರಣ. ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಹೊಸದಾಗಿ ಕಟ್ಟಿದ ರಸ್ತೆಗಳಲ್ಲಿ ಇವನ್ನೆಲ್ಲ ಒಟ್ಟಿಗೆ ಯೋಜಿಸಿ ಹೂಳಿದರು, ದುಬಾರಿಯಾಯಿತು, ನಿಜ. ಆದರೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ನಡೆದು ನೋಡಿ, ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ.

ಇನ್ನು ಕಾರ್ಪೊರೇಟರ್ ವಿಷಯ: ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿಯೇ ಮುಗಿದು, ತೀರ್ಮಾನಗಳು ಅಧಿಕಾರಿಗಳ ಕೈಗೆ ಹೋದವು.