ಮನೆಯಲ್ಲೇ ಕಾರಿನ ಬ್ರೇಕ್ ಪ್ಯಾಡ್ ಬದಲಿಸಿದ ಮೇಲೆ ಕಿರ್ ಅಂತ ಸದ್ದು ಬರ್ತಿದೆ. ಏನು ಮಾಡಲಿ?

ಹಾಕಿ ಎರಡೇ ದಿನ ಆಗಿದ್ದರೆ ಗಾಬರಿ ಬೇಡ. ಪ್ಯಾಡ್ ಡಿಸ್ಕಿಗೆ ಇನ್ನೂ ಹೊಂದಿಕೊಂಡಿಲ್ಲ. ವಿಜಯಪುರದ ಹೊರಗೆ ಸೊಲ್ಲಾಪುರ ರಸ್ತೆ ಖಾಲಿ ಇರುವಾಗ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸಿ. ಎಂಟು-ಹತ್ತು ಸಲ ಹೀಗೆ ಮಾಡಿ, ನಡುವೆ ಬ್ರೇಕ್ ಆರಲು ಬಿಡಿ.

ಆಮೇಲೂ ಸದ್ದು ಹೋಗದಿದ್ದರೆ ಚಕ್ರ ಬಿಚ್ಚಿ, ಪ್ಯಾಡಿನ ಬೆನ್ನಿಗೆ ಸದ್ದು ತಡೆಯುವ ಶಿಮ್ ಅನ್ನೋ ತೆಳು ತಗಡು ಇದೆಯಾ ನೋಡಿ. ನಮ್ಮ ಕಾರಿನದು ಹಳೇ ಪ್ಯಾಡಿಗೆ ಅಂಟಿಕೊಂಡೇ ಕಸಕ್ಕೆ ಹೋಗಿತ್ತು! ಪ್ಯಾಡ್ ಕೂರುವ ಸಂದಿಯಲ್ಲಿ ಎರೆಮಣ್ಣಿನ ಧೂಳು ಗಟ್ಟಿಯಾಗಿರುತ್ತೆ. ತಂತಿ ಬ್ರಷ್‌ನಿಂದ ಉಜ್ಜಿ, ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಡಿಸ್ಕಿಗೆ ತಾಗುವ ಮುಖಕ್ಕೆ ಮಾತ್ರ ಒಂದು ಹನಿಯೂ ತಾಗಬಾರದು, ಬ್ರೇಕೇ ಹಿಡಿಯಲ್ಲ.

ಕಬ್ಬಿಣ ಉಜ್ಜಿದ ಹಾಗೆ ಗರಗರ ಸದ್ದು ಬಂದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.